ಹೊಗೆಯಲ್ಲಿ ಹೋಗುವ ಗಂಧಕ

ಅರಸೀಕೆರೆ ಸೀಮೆಯ ತೆಂಗಿನ ತೋಟಗಳಿಗೆ ಕೊಳವೆಬಾವಿಯಿಂದ ನೀರೆತ್ತುವ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಸ್ಥಾವರಗಳು ಉರಿಸುವ ಕಲ್ಲಿದ್ದಲಿನ ಪಾಲೂ ಇದೆ. ಕಲ್ಲಿದ್ದಲು ಉರಿದಾಗ ಅದರೊಳಗಿನ ಗಂಧಕ ವಿಷಾನಿಲವಾಗಿ ಚಿಮಣಿ ಹತ್ತುತ್ತದೆ. ಅದೇ ಗಂಧಕ ನಮ್ಮ ಎಷ್ಟೋ ಹೊಲಗಳಲ್ಲಿ ಸಾಲದೆ ಬೆಳೆ ಸೊರಗುತ್ತದೆ.

2009ರಲ್ಲಿ ಶುರುವಾದ ಭೂಚೇತನ ಯೋಜನೆಗಾಗಿ ಕೃಷಿ ಇಲಾಖೆ ಮತ್ತು ಇಕ್ರಿಸ್ಯಾಟ್ ಸಂಸ್ಥೆ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ಎದ್ದು ಕಂಡಿತ್ತು. ಅದಕ್ಕೇ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್‌ಗಳನ್ನು ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ದರಕ್ಕೆ ಕೊಟ್ಟರು.

ಗಂಧಕದ ಜೊತೆ ಸುಣ್ಣದಂಶವೂ ಇರುವ ಜಿಪ್ಸಂ ಏನು ಮಾಡುತ್ತದೆಂದು ತಿಳಿಯಲು ಕಡ್ಲೆಕಾಯಿ ಗಿಡವೊಂದನ್ನು ಕಿತ್ತು ನೋಡಬೇಕು. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ದಂಟು ಇಳಿದು ಮಣ್ಣು ಹೊಗುತ್ತದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ. ಬೆಳೆಯುವ ಆ ಕಾಯಿಗೆ ಬೇಕಾದ ಸುಣ್ಣದಂಶವನ್ನು ಬೇರು ಒದಗಿಸಲಾರದು, ಸುತ್ತಲಿನ ಮಣ್ಣಿನಿಂದ ಕಾಯಿಯೇ ಹೀರಿಕೊಳ್ಳಬೇಕು. ಅಲ್ಲಿ ಅದು ಇಲ್ಲದಿದ್ದರೆ ಸಿಪ್ಪೆ ಬಲಿತರೂ ಒಳಗೆ ಜೊಳ್ಳು. ಹೂ ಬಿಟ್ಟು ದಂಟು ಇಳಿಯುವ ಹೊತ್ತಿಗೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಿ ಎನ್ನುವುದು ಅದಕ್ಕೇ. ಚೌಳು ನೆಲದಲ್ಲಿ ಇದರ ಕೆಲಸ ಬೇರೆ: ಮಣ್ಣಿಗಂಟಿದ ಸೋಡಿಯಂ ಬಿಡಿಸುತ್ತದೆ, ಆಮೇಲೆ ನೀರು ಕಟ್ಟಿ ಅದನ್ನು ತೊಳೆದು ಹರಿಸಬೇಕು. ಹುಳಿ ಮಣ್ಣಿಗೆ ಮಾತ್ರ ಜಿಪ್ಸಂ ಮದ್ದಲ್ಲ, ಅಲ್ಲಿಗೆ ಸುಣ್ಣವೇ ಬೇಕು.

ಇದುವರೆಗೆ ನಮ್ಮ ದೇಶದ ಗಣಿ ಜಿಪ್ಸಂ ಹೆಚ್ಚಾಗಿ ರಾಜಸ್ಥಾನದ್ದು. ಆದರೆ ಸ್ಥಾವರದ ಹೊಗೆಗೆ ಸುಣ್ಣಕಲ್ಲಿನ ಪುಡಿ ಕಲಸಿದ ನೀರು ಎರಚಿ, ಗಾಳಿ ಊದಿದರೆ ಗಂಧಕ ಅಲ್ಲೇ ಜಿಪ್ಸಂ ಆಗುತ್ತದೆ. ಒಂದು ಕಿಲೋ ಗಂಧಕ ಹಿಡಿದರೆ ಐದು ಕಿಲೋಗೂ ಮಿಕ್ಕಿ ಜಿಪ್ಸಂ. ಅಮೆರಿಕದ ರೈತರು ಇದನ್ನು ವರ್ಷಗಳಿಂದ ಹೊಲಕ್ಕೆ ಹಾಕುತ್ತಿದ್ದಾರೆ.

ನಮ್ಮಲ್ಲಿ ಗಂಧಕದ ಹೊಗೆಗೆ ಮಿತಿ ಹಾಕಿದ್ದು 2015ರ ಡಿಸೆಂಬರ್‌ನಲ್ಲಿ. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಹೀಗೆ ಗಂಧಕ ಹಿಡಿಯುವ ಯಂತ್ರ ಕೂರಿಸುವ ಹೊಣೆಯಿಂದ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರದ ಖರ್ಚು ಜಾಸ್ತಿ ಎಂಬುದು ಸಮರ್ಥನೆ. ಕಲ್ಲಿದ್ದಲಲ್ಲಿ ಗಂಧಕ ಕಡಿಮೆಯಿರುವುದು ನಿಜ. ಆದರೆ ಟನ್‌ಗಟ್ಟಲೆ ಉರಿಸುವಾಗ ಕಡಿಮೆಯೂ ರಾಶಿಯಾಗುತ್ತದೆ. ಆ ಹೊಗೆ ಕುಡಿಯುವ ಜನರ ಎದೆಯ ಖರ್ಚನ್ನು, ಗಂಧಕ ಕಾಣದ ಹೊಲದ ನಷ್ಟವನ್ನು ಯಾವ ಲೆಕ್ಕಕ್ಕೆ ಹಾಕಿದರು? ಈ ವಿನಾಯಿತಿ ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಹೊಗೆಯಿಂದ ಬಂದ ಜಿಪ್ಸಮನ್ನು ಕಣ್ಣುಮುಚ್ಚಿ ಹೊಲಕ್ಕೆ ಸುರಿಯುವುದೂ ಬೇಡ. ಕಲ್ಲಿದ್ದಲಿನ ಪಾದರಸ, ಹೆಚ್ಚಾದರೆ ಬೆಳೆಗೆ ಕೆಡುಕಾಗುವ ಬೋರಾನ್ ಅದರಲ್ಲಿ ಅಷ್ಟಿಷ್ಟು ಉಳಿಯಬಹುದು. ಅಂಥ ಜಿಪ್ಸಂ ಊರಿಗೆ ಬಂದ ದಿನ ಚೀಲದ ಮೇಲೆ ಅದರ ಮೂಲ ಮತ್ತು ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲೇ ಅಚ್ಚು ಹಾಕಿಸಬೇಕು. ಕೃಷಿ ಇಲಾಖೆ ಈಗಲೇ ಈ ನಿಯಮ ಮಾಡಲಿ. ರೈತರೂ ಅಷ್ಟೇ, ಚೀಲ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಲಿ.