ಕೋಚನ್ನು ಯಾರೂ ಕೇಳಲಿಲ್ಲ

ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ವಲಯದಲ್ಲಿ ಒಬ್ಬ ಕೋಚ್ ನಿವೃತ್ತರಾದರೆ ಮೊದಲು ಏಳುವ ಪ್ರಶ್ನೆ, ಒಟ್ಟು ಎಷ್ಟು ಗೆಲುವು ಎಂಬುದು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 38 ಋತುಗಳ ಕಾಲ ತಂಡವನ್ನು ನಡೆಸಿದ ಕೆರೊಲ್ ಹಚಿನ್ಸ್ 2022ರಲ್ಲಿ ಕೆಲಸ ಬಿಟ್ಟಾಗ ಅವರ ವೃತ್ತಿಜೀವನದ ಲೆಕ್ಕ 1,707ಕ್ಕೆ ಬಂದು ನಿಂತಿತ್ತು. ಅದರ ಹಿಂದಿನ ವರ್ಷ ಅರಿಜೋನಾದ ಮೈಕ್ ಕ್ಯಾಂಡ್ರಿಯಾ 1,674 ಗೆಲುವು ಮತ್ತು ಎಂಟು ರಾಷ್ಟ್ರೀಯ ಪ್ರಶಸ್ತಿಗಳೊಂದಿಗೆ ನಿವೃತ್ತರಾಗಿದ್ದರು. ಈ ಅಂಕಿಗಳ ಹಿಂದಿನ ದುಡಿಮೆ ದೊಡ್ಡದು. ಆದರೆ ಒಂದು ವಿಚಿತ್ರವನ್ನೂ ಗಮನಿಸಬೇಕು. ಆ ಸಾವಿರಾರು ಪಂದ್ಯಗಳಲ್ಲಿ ಒಂದರಲ್ಲೂ ಇವರು ಬ್ಯಾಟ್ ಹಿಡಿಯಲಿಲ್ಲ, ಚೆಂಡು ಎಸೆಯಲಿಲ್ಲ. ಆಡಿದವರು ಹದಿನೆಂಟರಿಂದ ಇಪ್ಪತ್ತೆರಡರೊಳಗಿನ ಹುಡುಗಿಯರು. ಅವರು ನಾಲ್ಕು ವರ್ಷ ಆಡಿ, ಪದವಿ ಮುಗಿಸಿ, ಎಲ್ಲೆಲ್ಲೋ ನೌಕರಿಗೆ ಸೇರಿಕೊಂಡರು. ಗೆಲುವು ಮಾತ್ರ ಕೋಚ್ ಹೆಸರಿನಲ್ಲಿ ಜಮೆಯಾಗುತ್ತ ಹೋಯಿತು. (ವರ್ಷಕ್ಕೊಮ್ಮೆ ಅಪ್ರೈಸಲ್ ಬರೆಸಿಕೊಳ್ಳುವ ನಮ್ಮಂಥವರಿಗೆ ಈ ಪದ್ಧತಿ ಹೊಸದೇನಲ್ಲ.)

ಇನ್ನೊಬ್ಬರ ಕೈಯಿಂದ ಆದ ಕೆಲಸದಲ್ಲಿ ನಮ್ಮ ಪಾಲೆಷ್ಟು? ಗೆಲುವಿನ ಮಟ್ಟಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ತರಬೇತಿ ಕೊಟ್ಟರು, ತಂತ್ರ ಹೇಳಿಕೊಟ್ಟರು, ಯಾರನ್ನು ಆಡಿಸಬೇಕೆಂದು ಆರಿಸಿದರು, ಆದ್ದರಿಂದ ಅವರಿಗೂ ಒಂದು ಪಾಲು ಸಲ್ಲುತ್ತದೆ. ಇಷ್ಟು ಹೇಳಿ ಮುಗಿಸಬಹುದು. ಶಿಷ್ಯರು ಮಾಡಿದ್ದು ಒಂದು ಒಳ್ಳೆಯ ಕೆಲಸವಾಗಿದ್ದು, ಅದರಿಂದ ತಂಡ ಸೋತಿದ್ದರೆ? ಅದೂ ಕೋಚನ್ನು ಒಂದು ಮಾತು ಕೇಳದೆ ಮಾಡಿದ್ದರೆ?

ಇದು ಕಲ್ಪನೆಯ ಪ್ರಶ್ನೆಯಲ್ಲ. 2008ರ ಏಪ್ರಿಲ್ 26ರಂದು ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ನಡೆದದ್ದು. ಆತಿಥೇಯ ತಂಡ ಸೆಂಟ್ರಲ್ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು, ಎದುರಾಳಿ ವೆಸ್ಟರ್ನ್ ಆರೆಗಾನ್. ಎರಡೂ ಎರಡನೇ ಡಿವಿಜನ್ನಿನ ತಂಡಗಳು. ಟಿವಿ ಕ್ಯಾಮೆರಾಗಳು ಹುಡುಕಿಕೊಂಡು ಬರುವ ಮಟ್ಟದ ಪಂದ್ಯವಲ್ಲ. ಆದರೆ ಮುಂದಿನ ಹಂತದ ಟೂರ್ನಿಗೆ ಹೋಗುವ ಆಸೆ ಎರಡೂ ಕಡೆ ಇತ್ತು. ಸೆಂಟ್ರಲ್ ವಾಷಿಂಗ್ಟನ್ನಿನ ಕೋಚ್ ಗ್ಯಾರಿ ಫ್ರೆಡ್ರಿಕ್. ಅದೇ ವಿಶ್ವವಿದ್ಯಾಲಯದಲ್ಲಿ ದಶಕಗಳಿಂದ ಇದ್ದು, ಬೇರೆ ಆಟಗಳ ತಂಡಗಳನ್ನೂ ನೋಡಿಕೊಂಡು, ಕ್ರೀಡಾ ವಿಭಾಗದ ಆಡಳಿತವನ್ನೂ ನಡೆಸಿ, ಆ ಹೊತ್ತಿಗೆ ಸುಮಾರು ಹದಿನಾಲ್ಕು ವರ್ಷಗಳಿಂದ ಸಾಫ್ಟ್‌ಬಾಲ್ ಕಲಿಸುತ್ತಿದ್ದವರು.

ಎರಡನೇ ಇನಿಂಗ್ಸ್. ಇನ್ನೂ ಯಾರಿಗೂ ರನ್ ಇಲ್ಲ. ವೆಸ್ಟರ್ನ್ ಆರೆಗಾನ್‌ನ ಇಬ್ಬರು ಬೇಸ್‌ಗಳ ಮೇಲಿದ್ದಾರೆ. ಬ್ಯಾಟಿಗೆ ಬಂದವಳು ಸಾರಾ ಟುಕೋಲ್ಸ್‌ಕಿ, ಕೊನೆಯ ವರ್ಷದ ಗಿಡ್ಡ ಹುಡುಗಿ. ಹೈಸ್ಕೂಲಿನಲ್ಲಾಗಲಿ ಕಾಲೇಜಿನಲ್ಲಾಗಲಿ ಒಂದು ಹೋಂ ರನ್ ಹೊಡೆದವಳಲ್ಲ. ಅವತ್ತು ಹೊಡೆದಳು. ಚೆಂಡು ಬೇಲಿ ದಾಟಿ ಆಚೆ ಬಿತ್ತು. ನಮ್ಮ ಸಿಕ್ಸರಿನಂತೆ ನಿಂತಲ್ಲೇ ನಿಂತರೆ ಇಲ್ಲಿ ಆಗುವುದಿಲ್ಲ. ಬ್ಯಾಟರ್ ನಾಲ್ಕೂ ಬೇಸ್‌ಗಳನ್ನು ಸರದಿಯಂತೆ ಮುಟ್ಟಿಕೊಂಡು ಬರಲೇಬೇಕು. ಸಂಭ್ರಮದಲ್ಲಿ ಅವಳು ಮೊದಲನೇ ಬೇಸನ್ನು ಮುಟ್ಟದೆ ದಾಟಿಬಿಟ್ಟಳು. ನೆನಪಾಗಿ ಥಟ್ಟನೆ ತಿರುಗಿದಾಗ ಬಲಮಂಡಿ ಕೈಕೊಟ್ಟಿತು. ತೆವಳಿಕೊಂಡು ಮೊದಲ ಬೇಸಿಗೆ ಬಂದು ಅದನ್ನು ಹಿಡಿದುಕೊಂಡು ಬಿದ್ದಳು.

ಅವಳ ತಂಡದ ಯಾರಾದರೂ ಮುಟ್ಟಿದರೆ ಅವಳು ಔಟ್. ಅವಳ ಕೋಚ್ ಪ್ಯಾಮ್ ನಾಕ್ಸ್ ಅಂಪೈರ್‌ಗಳನ್ನು ಕೇಳಿದರು. ಬದಲಿ ಓಟಗಾರ್ತಿಯನ್ನು ಕಳಿಸಬಹುದು, ಆದರೆ ಆಗ ಈ ಹೊಡೆತ ಬರೀ ಸಿಂಗಲ್ ಆಗುತ್ತದೆ, ಮುಂದಿದ್ದ ಇಬ್ಬರ ಎರಡು ರನ್ ಮಾತ್ರ ಸಿಗುತ್ತದೆ ಎಂಬ ಉತ್ತರ ಬಂತು. ಅವಳ ಜೀವನದ ಒಂದೇ ಒಂದು ಹೋಂ ರನ್ ಅಳಿಸಿಹೋಗುವುದರಲ್ಲಿತ್ತು. ಆಗ ಮೊದಲ ಬೇಸ್ ಕಾಯುತ್ತಿದ್ದ ಎದುರಾಳಿ ಆಟಗಾರ್ತಿ ಮ್ಯಾಲರಿ ಹೋಲ್ಟ್‌ಮನ್ ಮಾತಿನ ನಡುವೆ ಬಂದು ಕೇಳಿದಳು: ನಾವು ಎತ್ತಿಕೊಂಡು ಹೋಗಬಹುದೇ? ಎದುರಾಳಿಗಳು ಮುಟ್ಟಬಾರದೆಂದು ಯಾವ ನಿಯಮವೂ ಇರಲಿಲ್ಲ. ಹೋಲ್ಟ್‌ಮನ್ ಮತ್ತು ಶಾರ್ಟ್‌ಸ್ಟಾಪ್ ಲಿಜ್ ವಾಲೆಸ್ ಸೇರಿ ಅವಳನ್ನು ಎತ್ತಿಕೊಂಡು, ಒಂದೊಂದು ಬೇಸಿನಲ್ಲೂ ತಗ್ಗಿಸಿ, ಎಡಗಾಲು ತಾಗಿಸಿ, ಮನೆ ಮುಟ್ಟಿಸಿದರು. ವೆಸ್ಟರ್ನ್ ಆರೆಗಾನ್ 4–2ರಿಂದ ಗೆದ್ದಿತು. ಸೆಂಟ್ರಲ್ ವಾಷಿಂಗ್ಟನ್ನಿನ ಟೂರ್ನಿಯ ಆಸೆ ಅಲ್ಲಿಗೆ ಮುಗಿಯಿತು. ಹೋಲ್ಟ್‌ಮನ್‌ಗೂ ಅದು ಕಾಲೇಜಿನ ಕೊನೆಯ ವರ್ಷ.

ಆ ವರ್ಷ ಈ ಘಟನೆಗೆ ಇಎಸ್‌ಪಿಎನ್‌ನ ವಾರ್ಷಿಕ ಪ್ರಶಸ್ತಿಯೂ ಬಂತು, ಕಣ್ಣೀರಿನ ವಿಡಿಯೋಗಳೂ ಬಂದವು. ಅವೆಲ್ಲ ಸರಿ. ಆದರೆ ಕಣ್ಣೊರೆಸಿಕೊಂಡ ಮೇಲೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಕೇಳಿದರೆ ನಾವು ಸಣ್ಣವರಾಗಿ ಕಾಣುತ್ತೇವೆಂಬ ಅಂಜಿಕೆಯಿಂದ ಯಾರೂ ಕೇಳುವುದಿಲ್ಲ. ಆ ರನ್ನನ್ನು ಬಿಟ್ಟುಕೊಡಲು ಈ ಇಬ್ಬರಿಗೆ ಏನು ಅಧಿಕಾರವಿತ್ತು? ಔದಾರ್ಯ ತೋರುವುದಾದರೆ ನಮ್ಮ ಜೇಬಿನಿಂದ ತೋರಬೇಕು. ಮನೆಯವರೆಲ್ಲ ಕೂಡಿಟ್ಟ ದುಡ್ಡನ್ನು ಒಬ್ಬನೇ ಎತ್ತಿ ದಾನ ಮಾಡಿ ಬಂದರೆ ಊರವರು ಹೊಗಳಬಹುದು, ಮನೆಯವರು ಏನನ್ನಬೇಕು? ತಂಡದಲ್ಲಿ ಇನ್ನೂ ಎಷ್ಟೋ ಜನರಿದ್ದರು. ಅವರ ಪರವಾಗಿ ಬೇಡ ಎನ್ನಬಹುದಾದ ಒಬ್ಬರೇ ವ್ಯಕ್ತಿ ಡಗೌಟಿನಲ್ಲಿ ನಿಂತಿದ್ದ ಫ್ರೆಡ್ರಿಕ್. ಹೋಲ್ಟ್‌ಮನ್ ಕೇಳಿದ್ದು ಅಂಪೈರನ್ನು, ತನ್ನ ಕೋಚನ್ನಲ್ಲ.

ನಮ್ಮವರದೇ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂಬಯಿಯಲ್ಲಿರುವ ಓದುಗರು ವಾಂಖೆಡೆ ಮುಂದೆ ದಿನಾ ಲೋಕಲ್‌ನಲ್ಲಿ ಹಾದುಹೋಗುವವರು. 1980ರ ಫೆಬ್ರವರಿಯಲ್ಲಿ ಅಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಕಪಿಲ್ ದೇವ್ ಎಸೆತದಲ್ಲಿ ಬಾಬ್ ಟೇಲರ್ ಕೀಪರ್ ಕಿರ್ಮಾನಿಗೆ ಕ್ಯಾಚ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾಗಿ ವಿಶ್ವನಾಥ್ ಟೇಲರ್‌ರನ್ನು ಹಿಂದಕ್ಕೆ ಕರೆದರು. ಟೇಲರ್ ಗಳಿಸಿದ್ದು 43 ಅಷ್ಟೇ. ಆದರೆ ಇನ್ನೊಂದು ತುದಿಯಲ್ಲಿದ್ದ ಬೋಥಮ್ ಜೊತೆ ಕೂಡಿಸಿದ್ದು 171. ಬೋಥಮ್ ಶತಕ ಹೊಡೆದದ್ದಲ್ಲದೆ ಆ ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದ ಎರಡು ಟೆಸ್ಟ್‌ಗಳಲ್ಲಿ ಅದು ಎರಡನೆಯದು, ಕೊನೆಯದು.

ವಿಶ್ವನಾಥ್ ಮೇಲೂ ಇದೇ ಆಕ್ಷೇಪಣೆ ಹೂಡಬಹುದು. ಆ ವಿಕೆಟ್ ಅವರೊಬ್ಬರದಲ್ಲ, ಕಪಿಲ್‌ದು, ತಂಡದ್ದು, ಗ್ಯಾಲರಿಯಲ್ಲಿ ಕೂತಿದ್ದವರದೂ ಹೌದು. ಆದರೆ ಈ ಆಕ್ಷೇಪಣೆಯಲ್ಲಿ ಒಂದು ಎಡವಟ್ಟಿದೆ. ಚೆಂಡು ಬ್ಯಾಟಿಗೆ ತಾಗದಿದ್ದ ಮೇಲೆ ಆ ವಿಕೆಟ್ ನಮ್ಮದಾದದ್ದು ಯಾವಾಗ? ಅಂಗಡಿಯವನು ತಪ್ಪಿ ನೂರು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಅದನ್ನು ಹಿಂದಿರುಗಿಸುವುದಕ್ಕೆ ದಾನ ಎನ್ನುವುದಿಲ್ಲ, ಅದಕ್ಕೆ ಮನೆಯವರ ಒಪ್ಪಿಗೆಯೂ ಬೇಕಿಲ್ಲ. ಎಲೆನ್ಸ್‌ಬರ್ಗಿನಲ್ಲೂ ಅಷ್ಟೇ. ಚೆಂಡು ಬೇಲಿ ದಾಟಿ ಆಗಿತ್ತು. ರನ್ ಅವರದು. ಒಂದು ಮಂಡಿಯ ಪೆಟ್ಟಿನಿಂದ, ನಿಯಮದ ಒಂದು ಓದಿನಿಂದ, ಅದು ದಾರಿಯಲ್ಲಿ ಬಿದ್ದುಹೋಗಿತ್ತು. ಬಿದ್ದದ್ದನ್ನು ಎತ್ತಿ ಯಾರದೋ ಅವರಿಗೆ ತಲುಪಿಸಿದರು. ನನ್ನ ಪ್ರಕಾರ ಹೋಲ್ಟ್‌ಮನ್ ತಂಡದ ಗಂಟಿನಿಂದ ಏನನ್ನೂ ತೆಗೆದುಕೊಡಲಿಲ್ಲ.

ಎಲ್ಲ ಉದಾರ ಕೆಲಸಗಳೂ ಈ ವರ್ಗಕ್ಕೆ ಸೇರುವುದಿಲ್ಲ ಎಂಬುದನ್ನೂ ಹೇಳಬೇಕು. 1987ರ ವಿಶ್ವಕಪ್‌ನಲ್ಲಿ, ಲಾಹೋರಿನಲ್ಲಿ, ಕೊನೆಯ ಓವರಿನಲ್ಲಿ ಕೋರ್ಟ್ನಿ ವಾಲ್ಶ್ ಬೌಲಿಂಗ್ ತುದಿಯಲ್ಲಿ ಕ್ರೀಸ್ ಬಿಟ್ಟಿದ್ದ ಸಲೀಂ ಜಾಫರ್‌ನನ್ನು ಔಟ್ ಮಾಡದೆ ಬಿಟ್ಟರು. ಪಾಕಿಸ್ತಾನ ಒಂದು ವಿಕೆಟ್‌ನಿಂದ ಗೆದ್ದಿತು, ವೆಸ್ಟ್ ಇಂಡೀಸ್ ಸೆಮಿಫೈನಲ್ ಮುಟ್ಟಲಿಲ್ಲ. ಅಲ್ಲಿ ವಿಕೆಟ್ ನಿಯಮದ ಪ್ರಕಾರ ಪೂರ್ತಿ ತಮ್ಮದೇ ಆಗಿತ್ತು. ಅದು ನಿಜವಾದ ದಾನ, ತಂಡದ ಗಂಟಿನಿಂದಲೇ ಹೋದದ್ದು. ವಾಲ್ಶ್ ಬಗ್ಗೆ ನನಗೆ ಪ್ರೀತಿಯಿದ್ದರೂ ಅಲ್ಲಿ ಬೇರೆ ಹತ್ತು ಜನರ ಪ್ರಶ್ನೆ ನ್ಯಾಯವಾಗಿಯೇ ಏಳುತ್ತದೆ.

ಕನ್ನಡದಲ್ಲಿ ಈ ಮಾತು ಬಂದಾಗ ಕರ್ಣನ ರಥದ ಚಕ್ರವನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಎದುರಾಳಿ ನೆಲಕ್ಕೆ ಸಿಕ್ಕಿಕೊಂಡಿದ್ದಾನೆ, ಸ್ವಲ್ಪ ತಾಳು ಎನ್ನುತ್ತಿದ್ದಾನೆ. ಆಯುಧ ಹಿಡಿಯದ ಸಾರಥಿ, ಅಂದರೆ ಆ ಯುದ್ಧದ ಕೋಚ್, ಹೊಡೆ ಎನ್ನುತ್ತಾನೆ. ಪಂಪನಿಂದ ಹಿಡಿದು ಇಂದಿನ ತಾಳಮದ್ದಳೆಯವರೆಗೆ ನಾವು ಕರ್ಣನ ಕಡೆಗೇ ವಾಲಿಕೊಂಡು ಬಂದಿದ್ದೇವೆ. ಆದರೆ ಕೃಷ್ಣನ ವಾದ ಹುರುಳಿಲ್ಲದ್ದೇನಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದಾಗ, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ಎಲ್ಲಿ ಹೋಗಿತ್ತು ನಿನ್ನ ಧರ್ಮ ಎಂದು ಅವನು ಹಳೆಯ ಖಾತೆ ತೆಗೆಯುತ್ತಾನೆ. ಯುದ್ಧದಲ್ಲಿ ಬಾಕಿ ಮುಂದಕ್ಕೆ ಸಾಗುತ್ತದೆ. ಆಟದಲ್ಲಿ ಪ್ರತಿ ದಿನವೂ ಸೊನ್ನೆಯಿಂದ ಆರಂಭ. ಎಲೆನ್ಸ್‌ಬರ್ಗಿನ ಹುಡುಗಿಯರಿಗೆ ಬಿದ್ದವಳ ಮೇಲೆ ಯಾವ ಹಳೆಯ ಬಾಕಿಯೂ ಇರಲಿಲ್ಲ, ಹಾಗಾಗಿ ಅವರ ಕೆಲಸ ಅರ್ಜುನನದಕ್ಕಿಂತ ಸುಲಭದ್ದಾಗಿತ್ತು ಎಂದು ಒಪ್ಪಿಕೊಳ್ಳೋಣ. ಎಷ್ಟೋ ಕೋಚ್‌ಗಳ ವೃತ್ತಿ ಮಾತ್ರ ಆ ಸೊನ್ನೆಯನ್ನು ಅಳಿಸುವುದರಲ್ಲೇ ಕಳೆಯುತ್ತದೆ. ಹೋದ ವರ್ಷ ಅವರು ನಮಗೆ ಏನು ಮಾಡಿದರು ನೆನಪಿದೆಯಾ ಎಂದು ಕುದಿಸಿ ಕಳಿಸುವುದನ್ನೇ ಅವರು ಹುರುಪು ತುಂಬುವುದು ಎಂದುಕೊಂಡಿರುತ್ತಾರೆ. ನಮ್ಮ ಸರ್ಕಾರ ಕೋಚ್‌ಗಳಿಗೆ ಕೊಡುವ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಏಕಲವ್ಯನ ಹೆಬ್ಬೆರಳು ಕಣ್ಣಮುಂದೆ ಬರುತ್ತದೆ. ಆ ಮಾತು ಈಗಾಗಲೇ ಸವೆದುಹೋಗಿದೆ, ಇರಲಿ.

ಎಲೆನ್ಸ್‌ಬರ್ಗಿನ ಕಥೆಗೆ ಇನ್ನೊಂದು ತಿರುವಿದೆ. ಅಂಪೈರ್‌ಗಳು ಅವತ್ತು ಹೇಳಿದ್ದು ತಪ್ಪು ಎಂದು ಆಮೇಲೆ ತಿಳಿದುಬಂತು. ಗಾಯಗೊಂಡವಳ ಬದಲಿಗೆ ಇನ್ನೊಬ್ಬಳು ಓಡಿ ಆ ಹೋಂ ರನ್ ಪೂರೈಸಲು ನಿಯಮದಲ್ಲೇ ಅವಕಾಶವಿತ್ತು. ಎಂದರೆ ಹೊತ್ತುಕೊಂಡು ಹೋಗುವ ಅಗತ್ಯವೇ ಇರಲಿಲ್ಲ. ಇದರಿಂದ ಆ ಕೆಲಸದ ಬೆಲೆ ಇಳಿಯಿತೇ? ಕೆಲವರಿಗೆ ಹಾಗನ್ನಿಸಬಹುದು. ನನಗೆ ಅದು ಹಿಂದಿರುಗಿಸುವಿಕೆಯ ವಾದವನ್ನು ಗಟ್ಟಿ ಮಾಡುವಂತೆ ಕಾಣುತ್ತದೆ. ನಿಯಮ ಬರೆದವರು ಸಹ ಆ ರನ್ ಹೊಡೆದವಳದೇ ಎಂದು ಮೊದಲೇ ತೀರ್ಮಾನಿಸಿದ್ದರು. ಪುಸ್ತಕ ತಿಳಿದಿರಬೇಕಾದ ಹಿರಿಯರು ಅದನ್ನು ಮರೆತ ಹೊತ್ತಿನಲ್ಲಿ, ಪುಸ್ತಕ ಓದದ ಇಬ್ಬರು ಅದೇ ಉತ್ತರಕ್ಕೆ ಕಾಲ್ನಡಿಗೆಯಲ್ಲಿ ತಲುಪಿದರು.

ಈಗ ಕೋಚ್ ವಿಷಯಕ್ಕೆ ಬರೋಣ. ಇಂಥ ಕಥೆಗಳಲ್ಲಿ ಕೊನೆಗೆ ಬರುವ ಮಾತು ಸಾಮಾನ್ಯವಾಗಿ ಒಂದೇ: ಎಂಥ ಗುರು, ಎಂಥ ಸಂಸ್ಕಾರ ಕೊಟ್ಟಿದ್ದಾನೆ! ಇದನ್ನು ಒಪ್ಪಲು ನನಗೆ ತುಸು ಕಷ್ಟ. ಆ ಹುಡುಗಿಯರಿಗೆ ತಂದೆತಾಯಿ ಇದ್ದರು, ಬೇರೆ ಶಿಕ್ಷಕರಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಅವರವರದೇ ಮನಸ್ಸಿತ್ತು. ಒಳ್ಳೆಯ ಕೆಲಸದ ಶ್ರೇಯಸ್ಸನ್ನೂ ಕೋಚ್ ಖಾತೆಗೆ ಬರೆದರೆ ಗೆಲುವಿನ ಲೆಕ್ಕದಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಮಾಡಿದವರು ಮಾಯವಾಗಿ ಮೇಲಿದ್ದವರು ಉಳಿಯುತ್ತಾರೆ. ಹಿಂಜೆವಾಡಿಯ ಕಚೇರಿಯಲ್ಲಿ ಒಬ್ಬ ಕಿರಿಯ ಇಂಜಿನಿಯರ್, ಕ್ಲೈಂಟ್ ಗಮನಿಸದೇ ಹೋದ ದೋಷವೊಂದನ್ನು ತಾನೇ ಹೇಳಿಬಿಟ್ಟ ಎಂದುಕೊಳ್ಳಿ. ಅವನ ಮ್ಯಾನೇಜರ್ ಅದನ್ನು ತನ್ನ ನಾಯಕತ್ವದ ಸಾಧನೆಯೆಂದು ಬರೆದುಕೊಂಡರೆ ನಗು ಬರುತ್ತದೆ. ಅವನು ಹೇಳದಂತೆ ತಡೆಯಲಿಲ್ಲ ಎಂಬುದಕ್ಕೆ ಮಾತ್ರ ಒಂದು ಬೆಲೆಯಿದೆ.

ಫ್ರೆಡ್ರಿಕ್ ಪಾಲು ಇರುವುದು ಆ ತಡೆಯದಿರುವುದರಲ್ಲೇ ಎಂದು ನನಗನ್ನಿಸುತ್ತದೆ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಡಗೌಟಿನಿಂದ ಬರುವ ಸೂಚನೆ ಸಣ್ಣದಲ್ಲ. ಯಾವ ಚೆಂಡು ಎಸೆಯಬೇಕು ಎಂಬುದನ್ನು ಕೂಡ ಎಷ್ಟೋ ತಂಡಗಳಲ್ಲಿ ಕೋಚ್ ಸನ್ನೆ ಮಾಡಿ ಹೇಳುತ್ತಾರೆ. ಪ್ರತಿ ನಿಮಿಷವೂ ಆ ಕಡೆ ನೋಡಿ ನೋಡಿ ಅಭ್ಯಾಸವಾದ ಕಣ್ಣುಗಳು ಒಂದು ನಿಮಿಷದ ಮಟ್ಟಿಗೆ ಆ ಕಡೆ ನೋಡಬೇಕೆಂಬುದನ್ನೇ ಮರೆತವು. ಹಾಗೆ ಮರೆಯಬೇಕಾದರೆ, ನೋಡದಿದ್ದರೆ ಏನಾದೀತು ಎಂಬ ಭಯ ಇರಕೂಡದು. ಇದು ಒಂದು ಭಾಷಣದಿಂದ ಬರುವಂಥದ್ದಲ್ಲ, ಹಲವು ವರ್ಷ ಸೋತ ಸಂಜೆಗಳಲ್ಲಿ ಕೋಚ್ ಹೇಗೆ ನಡೆದುಕೊಂಡರು ಎಂಬುದರಿಂದ ಬರುತ್ತದೆ. ಅವರ ಮೌನ ಬರೀ ಬೆರಗಿನಿಂದ ಹುಟ್ಟಿದ್ದಿರಬಹುದು, ಅದನ್ನೂ ಅಲ್ಲಗಳೆಯಲಾರೆ. ಆದರೆ ಮೂರು ಜನ ಅಷ್ಟು ನಿಧಾನವಾಗಿ ಉಳಿದ ಮೂರು ಬೇಸ್ ಸುತ್ತಿ ಬರುವಷ್ಟು ಹೊತ್ತು ಬೆರಗು ಹಾಗೇ ನಿಲ್ಲುವುದಿಲ್ಲ. ಕೂಗಿ ನಿಲ್ಲಿಸಲು ಬೇಕಾದಷ್ಟು ಸಮಯವಿತ್ತು.

ಹೋಲ್ಟ್‌ಮನ್ ಮುಂದೆ ಅದೇ ಸೆಂಟ್ರಲ್ ವಾಷಿಂಗ್ಟನ್ನಿನಲ್ಲಿ ಮುಖ್ಯ ಕೋಚ್ ಆದಳು. ಆಗ ಡಗೌಟಿನಲ್ಲಿ ನಿಲ್ಲುವ ಸರದಿ ಅವಳದಾಯಿತು.

ಅವತ್ತಿನ ಚಿತ್ರದಲ್ಲಿ ಯಾರೂ ಮಾತಾಡದ ಇನ್ನೊಬ್ಬಳಿದ್ದಾಳೆ: ಸೆಂಟ್ರಲ್ ವಾಷಿಂಗ್ಟನ್ನಿನ ಪಿಚರ್. ಹೋಂ ರನ್ ಬಿಟ್ಟುಕೊಟ್ಟವಳು ಎಂದು ದಾಖಲೆಯಲ್ಲಿ ಬರೆಸಿಕೊಂಡದ್ದು ಅವಳ ಲೆಕ್ಕಕ್ಕೆ. ವಾಂಖೆಡೆಯಲ್ಲಿ ಕಪಿಲ್ ನಿಂತಂತೆ ಇಲ್ಲಿ ಅವಳು ವೃತ್ತದ ನಡುವೆ ನಿಂತು, ತನ್ನದೇ ತಂಡದ ಇಬ್ಬರು ಎದುರಾಳಿಯನ್ನು ಎತ್ತಿಕೊಂಡು ತನ್ನ ಸುತ್ತಲೂ ಬರುವುದನ್ನು ನೋಡುತ್ತಿದ್ದಳು. ನನ್ನ ವಾದದ ಪ್ರಕಾರ ಅವಳಿಗೆ ಅನ್ಯಾಯವಾಗಿಲ್ಲ. ಅವಳೆಸೆದ ಚೆಂಡು ಬೇಲಿ ದಾಟಿದ್ದು ನಿಜ. ಅವಳಿಗೆ ಅದು ಹಾಗೆ ಕಂಡಿತೋ ಇಲ್ಲವೋ. ಪಂದ್ಯ ಸೋತ ಆ ಸಂಜೆ ಫ್ರೆಡ್ರಿಕ್ ಮೊದಲು ಹೋಗಿ ಮಾತಾಡಿಸಬೇಕಾಗಿದ್ದದ್ದು ಅವಳನ್ನು.