ಕೇಳುವವರು ಇಲ್ಲದಾಗ ಕೊಡುವ ಲೆಕ್ಕ

ಪ್ರಿಯರೇ, ಇವತ್ತು ಒಂದೇ ಪ್ರಶ್ನೆ. ಲೆಕ್ಕ ಕೇಳೋರು ಯಾರೂ ಇಲ್ಲದಾಗ ನಾವು ನಂಬಿಗಸ್ತರಾಗಿರ್ತೀವಾ?

ನಮ್ಮ ದೊಡ್ಡಮ್ಮ ತಮ್ಮ ವಿಲ್‌ನಲ್ಲಿ ನನ್ನನ್ನು ಎಕ್ಸಿಕ್ಯೂಟರ್ ಮಾಡಿದ್ದರು. ಅಂದರೆ, ಅವರು ಬರೆದಿಟ್ಟದ್ದನ್ನು ಅವರ ಕಾಲದ ನಂತರ ನಡೆಸಿಕೊಡುವವನು. ಸ್ವಂತ ಮಕ್ಕಳಿದ್ದರೂ ನನ್ನನ್ನು ನಂಬಿದರಲ್ಲ ಅಂತ ಒಳಗೊಳಗೇ ಹೆಮ್ಮೆ ಪಟ್ಟೆ.

ಲೆಕ್ಕ ಬರೆಯೋಕೆ ಕೂತಾಗ ಹೆಮ್ಮೆ ಇಳೀತು. ಪಾಸ್‌ಬುಕ್, ಎಫ್‌ಡಿ, ಒಡವೆ ಎಲ್ಲಾ ಸಿಕ್ಕಿತು. ಆದರೆ ಕೊನೆಗಾಲದಲ್ಲಿ ದೊಡ್ಡಮ್ಮನನ್ನು ನೋಡಿಕೊಂಡ ಮನೆಗೆಲಸದ ಅಕ್ಕನಿಗೆ 2 ತಿಂಗಳ ಸಂಬಳ, 12,000 ರೂಪಾಯಿ, ಬಾಕಿ ಇತ್ತು. ದೊಡ್ಡಮ್ಮನೇ ನನಗೆ ಹೇಳಿದ್ದರು. ಎಲ್ಲೂ ಬರೆದಿರಲಿಲ್ಲ. ದೊಡ್ಡಮ್ಮನ ಮಗನಿಗೆ ಹೇಳಿದಾಗ, "ಅವಳೇ ಕೇಳಿಲ್ಲ, ನೀನ್ಯಾಕೋ ಕೆದಕ್ತೀಯ?" ಅಂದ. ಅಣ್ಣನ ಮನಸ್ಸು ನೋಯಿಸಬಾರದು ಅಂತ ನಾನು ಒಂದು ತಿಂಗಳು ಬಾಯಿ ಬಿಡಲಿಲ್ಲ. ಪ್ರತಿ ಭಾನುವಾರ ನಿಮಗೆ ಪ್ರಸಂಗ ಮಾಡುತ್ತಲೇ ಇದ್ದೆ.

ಕೊನೆಗೆ ವಕೀಲರೊಬ್ಬರನ್ನು ಕೇಳಿದೆ. ನಮ್ಮ ಕ್ರೈಸ್ತರಿಗೂ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಎಕ್ಸಿಕ್ಯೂಟರ್ ಯಾರಿಗೆ ಮೊದಲು ಕೊಡಬೇಕು ಅಂತ ಕ್ರಮವಿದೆ. ಮೊದಲು ಶವಸಂಸ್ಕಾರದ ಮತ್ತು ಕೊನೆಯ ಕಾಯಿಲೆಯ ಖರ್ಚು. ಪ್ರೊಬೇಟ್ ತೆಗೆದುಕೊಂಡಿದ್ದರೆ ಅದರ ಖರ್ಚು. ಅದಾದ ಮೇಲೆ, ಸಾವಿಗೆ ಮುಂಚಿನ 3 ತಿಂಗಳಲ್ಲಿ ದುಡಿದ ಕೂಲಿಯವರ, ಮನೆಗೆಲಸದವರ ಸಂಬಳ. ಉಳಿದ ಸಾಲಗಳು ಅದರ ಹಿಂದೆ. ವಿಲ್‌ನಲ್ಲಿ ಹೆಸರಿರುವವರ ಪಾಲು ಇಷ್ಟೆಲ್ಲಾ ತೀರಿದ ಮೇಲೆ.

ಕೇಳಿಸಿತಾ ಪ್ರಿಯರೇ? ಸಾಲಿನಲ್ಲಿ ಕೆಲಸದ ಅಕ್ಕ ಮುಂದೆ, ಮಕ್ಕಳು ಹಿಂದೆ. ಯಾಕೋಬ 5:4ರಲ್ಲಿ ಕೂಲಿಯ ವಿಷಯ ಏನಿದೆ ಅಂತ ನಿಮಗೆ ಗೊತ್ತು. ನನಗೂ ಗೊತ್ತಿತ್ತು.

ಜಗಳ ಬೇಡ, ನನ್ನ ಜೇಬಿನಿಂದಲೇ ಕೊಟ್ಟುಬಿಡೋಣ ಅಂತಲೂ ಯೋಚಿಸಿದೆ. ಅದು ಒಳ್ಳೇದು ಅನಿಸುತ್ತೆ ಅಲ್ವಾ? ಆದರೆ ಹಾಗೆ ಮಾಡಿದ್ದರೆ ದೊಡ್ಡಮ್ಮನ ಋಣ ನನ್ನ ದಾನ ಆಗಿಬಿಡ್ತಿತ್ತು. ಆ ಅಕ್ಕನಿಗೆ ಬರಬೇಕಾದ್ದು ಸಂಬಳ, ಕರುಣೆ ಅಲ್ಲ.

ಆದಿಕಾಂಡ 24 ನೆನಪಿಸಿಕೊಳ್ಳಿ. ಅಬ್ರಹಾಮನ ಸೇವಕ ಯಜಮಾನನ 10 ಒಂಟೆ, ಒಡವೆ ಎಲ್ಲಾ ತಗೊಂಡು ದೂರ ಹೋದ. ಮುಂದೆ ಊಟ ಇಟ್ಟರೂ, ಬಂದ ವಿಷಯ ಹೇಳುವವರೆಗೆ ಉಣ್ಣಲಿಲ್ಲ. ಇಡೀ ಅಧ್ಯಾಯದಲ್ಲಿ ಅವನ ಹೆಸರೇ ಇಲ್ಲ! ಕೈಯಲ್ಲಿದ್ದದ್ದು ಯಜಮಾನನ ಸೊತ್ತು, ಬಾಯಲ್ಲಿದ್ದದ್ದು ಯಜಮಾನನ ಮಾತು.

ಅಣ್ಣನಿಗೆ ಮೊದಲು ತಿಳಿಸಿ, ದೊಡ್ಡಮ್ಮನ ಹಣದಿಂದಲೇ 12,000 ತೆಗೆದು, ಲೆಕ್ಕದಲ್ಲಿ ಬರೆದು ಕೊಟ್ಟೆ. ಅಣ್ಣ ಕೆಲವು ದಿನ ಮಾತಾಡಲಿಲ್ಲ. ಆ ಅಕ್ಕ ಹಣ ತಗೊಂಡು, "ಅಮ್ಮ ಇಟ್ಟಿರ್ತಾರೆ ಅಂತ ಗೊತ್ತಿತ್ತು" ಅಂದರು. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಅದೇ ಸರಿ. ಕೊಟ್ಟವನು ನಾನಲ್ಲವಲ್ಲ.

ನಾಳೆ ನಿಮ್ಮನ್ನೂ ಯಾರಾದರೂ ಹೀಗೆ ನಂಬಬಹುದು. ಒಪ್ಪುವ ಮುಂಚೆ ಯೋಚಿಸಿ. ಒಪ್ಪಿದ ಮೇಲೆ ತಡ ಮಾಡಬೇಡಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮದಲ್ಲದ್ದು ನಮ್ಮ ಕೈಗೆ ಬಂದಾಗ ನಮ್ಮ ಕೈಯನ್ನು ಶುದ್ಧವಾಗಿಡು. ಯೇಸುವಿನ ನಾಮದಲ್ಲಿ, ಆಮೆನ್.