ಅನುಮತಿ ಇಲ್ಲದ ಮೂರ್ತಿ

(ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಮಾವ, ಶಿಲ್ಪಕಲೆ ಓದುತ್ತಿರುವ ಸೊಸೆ ವಸುಧಾ.)

ಮಾವ: ರಾತ್ರೋರಾತ್ರಿ ಪಾರ್ಕಿಗೆ ನುಗ್ಗಿ ಮೂರ್ತಿ ಇಡೋದು ಒತ್ತುವರಿ ಕಣಮ್ಮ. ಕಲೆ ಅಂದ ಮಾತ್ರಕ್ಕೆ ರಿಯಾಯಿತಿ ಇಲ್ಲ.

ವಸುಧಾ: ಬ್ರೂಕ್ಲಿನ್ನಿನ ಫೋರ್ಟ್ ಗ್ರೀನ್ ಪಾರ್ಕಲ್ಲಿ 2015ರ ಏಪ್ರಿಲ್ 6ರಂದು ಎಡ್ವರ್ಡ್ ಸ್ನೋಡೆನ್ ತಲೆ ಪ್ರತ್ಯಕ್ಷವಾಯಿತಲ್ಲ, ಅದೂ ಒತ್ತುವರಿಯೇ? ಅಮೆರಿಕ ಸರ್ಕಾರ ಜನರ ಫೋನಿನ ಮೇಲೆ ಕಣ್ಣಿಟ್ಟಿದ್ದನ್ನು ಬಯಲಿಗೆಳೆದವನು.

ಮಾವ: ಇಟ್ಟವರು ಯಾರು?

ವಸುಧಾ: ಆಗ ಗೊತ್ತಿರಲಿಲ್ಲ. ಅದೇ ಅದರ ಬಲ. ಹೆಸರಿದ್ದರೆ 'ಇವನು ಯಾವ ಪಕ್ಷದವನು' ಅಂತ ಕೇಳಿ ಮುಗಿಸುತ್ತಿದ್ದೆವು.

ಮಾವ: ಹೆಸರಿಲ್ಲದಿದ್ದರೆ ಜವಾಬು ಕೊಡೋರು ಯಾರು? ನಮ್ಮ ಕಲಾವಿದ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಮೂರ್ತಿ ಇಟ್ಟ. ಹೆಸರು ಮುಚ್ಚಿಡಲಿಲ್ಲ. ಪಾಲಿಕೆ ಬಂದು ಗುಂಡಿ ಮುಚ್ಚಿತು.

ವಸುಧಾ: ಗುಂಡಿಗೆ ಜಲ್ಲಿ ಸಾಕು, ಮಾವ. ಸ್ನೋಡೆನ್ ದ್ರೋಹಿಯೋ ಧೀರನೋ ಅನ್ನೋದಕ್ಕೆ ಯಾವ ಜಲ್ಲಿ ಸುರಿಯೋದು?

ಮಾವ: ಆದರೂ ಆ ತಲೆ ಕಂಚಿನ ವೇಷ ಹಾಕಿತ್ತು ತಾನೆ? ಸರ್ಕಾರವೇ ಇಟ್ಟಿದೆ ಅಂತ ಜನ ನಂಬಲಿ ಅಂತ. ಸುಳ್ಳೇ.

ವಸುಧಾ: ಹೌದು, ಅಷ್ಟು ಸುಳ್ಳು ಇತ್ತು. ತಮಾಷೆ ನೋಡಿ: ನಗರದವರು ಟಾರ್ಪಾಲ್ ಹೊದಿಸಿದ್ದೇ ತಡ, ಊರೆಲ್ಲ ಅದರ ಕಡೆ ತಿರುಗಿತು. ಅದೇ ದಿನ ಕಿತ್ತರು. ಆಮೇಲೆ ಬೇರೊಂದು ಗುಂಪು ಹೊಗೆಯ ಮೇಲೆ ಬೆಳಕು ಬಿಟ್ಟು ಮೂರ್ತಿ ನಿಂತಿದ್ದ ಕಂಬದ ಮೇಲೆಯೇ ಅವನನ್ನು ತೋರಿಸಿತು. ಬೆಳಕನ್ನು ಕೀಳೋದು ಹೇಗೆ?

ಮಾವ: ಅದು ಜಾಣತನ, ಒಪ್ಪಿದೆ. ನನ್ನ ತಕರಾರು ಜಾಗದ್ದು. ಅಲ್ಲಿ ಇರೋದು ಹುತಾತ್ಮರ ಸ್ಮಾರಕ ತಾನೆ?

ವಸುಧಾ: ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಸೆರೆಹಡಗುಗಳಲ್ಲಿ ಸತ್ತ 11,500ಕ್ಕೂ ಹೆಚ್ಚು ಜನರ ಸ್ಮಾರಕ. ಬ್ರಿಟಿಷರ ಲೆಕ್ಕದಲ್ಲಿ ಅವರು ದಂಗೆಕೋರರು. ಸ್ತಂಭ ಎದ್ದದ್ದು 1908ರಲ್ಲಿ.

ಮಾವ: ಸತ್ತವರನ್ನು ಸಾಕ್ಷಿಗೆ ಕರೆದರು, ಒಪ್ಪಿಗೆ ಕೇಳಲಿಲ್ಲ.

ವಸುಧಾ: 1908ರವರು ಕೇಳಿದ್ದರಾ?

ಮಾವ: (ಸ್ವಲ್ಪ ತಡೆದು) ಕೊನೆಗೆ ಆ ಕಲಾವಿದರು ಸಿಕ್ಕರೇ?

ವಸುಧಾ: ವಕೀಲರ ಮೂಲಕ ಮೂರ್ತಿ ವಾಪಸು ಪಡೆದರು. ಇಬ್ಬರು ಕಲಾವಿದರಿಗೂ ತಲಾ 50 ಡಾಲರ್ ದಂಡ. ಮೂರ್ತಿ ಇಟ್ಟಿದ್ದಕ್ಕಲ್ಲ, ಪಾರ್ಕ್ ಮುಚ್ಚಿದ ಮೇಲೆ ಒಳಗಿದ್ದದ್ದಕ್ಕೆ!

ಮಾವ: ಅಂದರೆ ಕಾನೂನೂ ಜಾರಿಕೊಂಡಿತು.

ವಸುಧಾ: ನೀವು?

ಮಾವ: ನಾನಿದ್ದಿದ್ದರೂ ತೆಗೆಸುತ್ತಿದ್ದೆ. ಆದರೆ ಟಾರ್ಪಾಲ್ ಹಾಕಿಸುತ್ತಿರಲಿಲ್ಲ, ಫೈಲನ್ನು ಒಂದು ವಾರ ಮೇಜಿನ ಮೇಲೆಯೇ ಬಿಟ್ಟಿರುತ್ತಿದ್ದೆ.